ನಷ್ಟದ ಖಾನೆ

ಜನವರಿಯ ಎರಡನೆಯ ಮಂಗಳವಾರ. ಹೊರಗೆ ಸ್ಯಾನ್ ಹೋಕಿನ್ ಕಣಿವೆಯ ಮಂಜು
ಬಾದಾಮಿ ತೋಪನ್ನು ಸಾಲು ಸಾಲಾಗಿ ಅಳಿಸುತ್ತಿದೆ.
ಟ್ಯೂಲ್ ಬೆಂಡ್ ಸೊಳ್ಳೆ ನಿಯಂತ್ರಣ ಮಂಡಳಿಯ ಸಭಾಕೋಣೆಯಲ್ಲಿ
ನಾವು ಹನ್ನೊಂದು ಜನ, ಒಂದು ಡಬ್ಬಿ ಡೋನಟ್,
ವಿಮಾ ಒಕ್ಕೂಟ ಕಳಿಸಿದ ವಕೀಲ ಹರೂತ್ಯುನ್ಯಾನ್.

"ಈ ವರ್ಷ ಬದಲಾದದ್ದು" ಅಂತ ಶುರುಮಾಡಿ
ಗಂಟಲು ಸರಿಮಾಡಿಕೊಂಡ.
ಬಿಸಿಲಲ್ಲಿ ದುಡಿವವರಿಗೆ ನೆರಳು ಎಷ್ಟು ಹತ್ತಿರ, ನೀರು ಎಷ್ಟು ತಣ್ಣಗೆ.
ದೂರು ಕೊಟ್ಟವನನ್ನು ಮೂರು ತಿಂಗಳೊಳಗೆ ತೆಗೆದರೆ
ಸೇಡೆಂದೇ ಕೋರ್ಟು ಮೊದಲು ಎಣಿಸುತ್ತದೆ,
ಅಲ್ಲವೆಂದು ತೋರಿಸುವ ಭಾರ ನಿಮ್ಮ ತಲೆಗೆ.
ಏಣಿ. ಟ್ರಕ್ಕಿನ ಕನ್ನಡಿ.
ಹೋದ ವರ್ಷ ನಮ್ಮ ನಷ್ಟದ ಖಾನೆಯಲ್ಲಿ
ಒಂದು ಮೊಣಕಾಲು, ಎರಡು ನಾಯಿಕಡಿತ,
ಯಾರದೋ ಹಿತ್ತಿಲ ಗೇಟಿಗೆ ಗುದ್ದಿದ ಬಂಪರು.
"ಒಳ್ಳೆಯ ವರ್ಷ" ಎಂದ. ಡೈರೆಕ್ಟರು ನಕ್ಕರು.

ನಾನು ಡೆಲ್ಮಿರಾ ಬೋರ್ಬಾ, ಸಿಬ್ಬಂದಿ ಗುಮಾಸ್ತೆ,
ಇಪ್ಪತ್ತಮೂರು ವರ್ಷದಿಂದ ರಜೆಚೀಟಿಗಳ ಯಜಮಾನಿ.
ಜ್ವರವೆಂದರೆ ಡಾಕ್ಟರ ಚೀಟಿ, ಸಾವೆಂದರೆ ಚರ್ಚಿನ ಚೀಟಿ.
ಬೋರ್ಬಾಳ ಅಪ್ಪಣೆಯಿಲ್ಲದೆ ನೆಗಡಿಯೂ ಬರಲಾರದು ಅಂತ
ಗ್ಯಾರೇಜಿನಲ್ಲಿ ಹುಡುಗರು ಆಡಿಕೊಳ್ಳುತ್ತಾರೆ.
ಕೇಳಿಸಿದರೂ ಕೇಳಿಸದಂತೆ ಹಿಗ್ಗುತ್ತಿದ್ದೆ.

ಆಮೇಲೆ ಹದಿನಾಲ್ಕನೆಯ ಹಾಳೆ.
"ಬಸಿರು ನಿಲ್ಲದೆ ಹೋದರೆ ಐದು ದಿನ ರಜೆ.
ಕಾನೂನು ಹೊಸದೇನಲ್ಲ, ನಿಮ್ಮ ಕೈಪಿಡಿ ಹಳೆಯದು.
ಗಂಡಿಗೂ ಉಂಟು. ದತ್ತು ತಪ್ಪಿಹೋದವರಿಗೂ ಉಂಟು.
ಪುರಾವೆ ಕೇಳಬೇಡಿ."
ಬರೆದುಕೊಳ್ಳಲು ಎತ್ತಿದ ಪೆನ್ನು ಎತ್ತಿದಂತೆಯೇ.

ಏಳು ಬೇಸಿಗೆ ಹಿಂದೆ, ಮೈಸೀ ಥಾವ್.
ಬ್ಯಾಂಕು ಜಪ್ತಿಮಾಡಿದ ಮನೆಗಳ ಹಿಂದೆ
ಹಸಿರುಗಟ್ಟಿದ ಈಜುಕೊಳಕ್ಕೆ ಬಿಳಿ ಸೌಟು ಇಳಿಸಿ
ಕದಡದಂತೆ ಎತ್ತಿ, ಸೌಟಿಗೆಷ್ಟು ಮರಿಹುಳವೆಂದು ಎಣಿಸುವಳು.
ಅವಳು ನಲವತ್ತೊಂದು ಅಂದರೆ ನಲವತ್ತೊಂದೇ.
ಜುಲೈಯಲ್ಲಿ ಮೂರು ದಿನ ಬರಲಿಲ್ಲ.
ನಾಲ್ಕನೆಯ ದಿನ ನನ್ನ ಕಿಟಕಿಯೆದುರು: "ಹೊಟ್ಟೆನೋವು."
ತಲೆಯೆತ್ತದೆ ಕೇಳಿದೆ: "ಚೀಟಿ?"
ಮರುದಿನ ತಂದಳು, ನಾಲ್ಕು ಮಡಿಕೆ ಮಾಡಿ.
ಆಸ್ಪತ್ರೆಯ ಹಾಳೆ. ಹದಿನೈದನೆಯ ವಾರ ಅಂತಿತ್ತು.
ಅವಳ ಮುಂದೆಯೇ ಬಿಡಿಸಿ ಓದಿದೆ.
ಅವಳು ಗೋಡೆಯ ಕ್ಯಾಲೆಂಡರಿನ ಕೊಕ್ಕರೆಯನ್ನು ನೋಡುತ್ತಿದ್ದಳು.
ಮೊಹರು ಒತ್ತಿದೆ: ಸ್ವೀಕರಿಸಲಾಗಿದೆ.

ಆಗಿನ ಕೈಪಿಡಿಯ ಒಂಬತ್ತನೆಯ ಕಲಮಿನ ಪ್ರಕಾರ
ನಾನು ಸರಿ.

"ಇದನ್ನ ಯಾವ ಖಾನೆಗೆ ಹಾಕೋದು?" ಹಿಂದಿನ ಸಾಲಿನಿಂದ ಒಬ್ಬ ಹುಡುಗ.
ವಕೀಲ ನನ್ನತ್ತ ನೋಡಿದ. ಎಲ್ಲರೂ ನೋಡಿದರು.
ಮೂರನೆಯ ಕುರ್ಚಿಯಲ್ಲಿ ಮೈಸೀ, ಈಗ ಮೇಲ್ವಿಚಾರಕಿ,
ಬೆರಳಿಗಂಟಿದ ಸಕ್ಕರೆ ಒರೆಸಿಕೊಳ್ಳುತ್ತಿದ್ದಳು.
"ಹೆಸರು, ದಿನಾಂಕ ಸಾಕು" ಎಂದೆ. "ಕಾರಣದ ಖಾನೆ ಖಾಲಿ ಬಿಡಿ."
ನನ್ನ ದನಿ ನನಗೇ ಪಕ್ಕದ ಕೋಣೆಯಿಂದ ಬಂದ ಹಾಗಿತ್ತು.

ಸಭೆ ಮುಗಿದ ಮೇಲೆ ಬೀರು ತೆಗೆದೆ.
ಹರಿದು ಹಾಕುವಂತಿಲ್ಲ, ದಾಖಲೆಗೂ ಆಯುಷ್ಯವಿದೆ, ಅದು ಮುಗಿಯಬೇಕು.
ಆದರೆ ಕಾಯಿಲೆಯ ಕಾಗದಗಳಿಗೆ ಬೇರೆ ಕಪಾಟು, ಬೇರೆ ಬೀಗ;
ಅದು ಹಳೆಯ ಕಾನೂನೇ, ನಾನು ಎಲ್ಲರಿಗೂ ಹೇಳಿಕೊಟ್ಟದ್ದು.
ಅವಳ ಹಾಳೆ ಮಾತ್ರ ಸಾದಾ ಕಡತದಲ್ಲಿ,
ಸಂಬಳದ ಚೀಟಿ, ಬೂಟಿನ ಅಳತೆಗಳ ನಡುವೆ,
ಯಾರು ಬೇಕಾದರೂ ತಿರುವಬಹುದಾಗಿದ್ದಲ್ಲಿ, ಏಳು ವರ್ಷ.
ಮಡಿಕೆಗಳು ಹಾಗೇ ಇದ್ದವು. ಬಿಡಿಸಲಿಲ್ಲ.
ಲಕೋಟೆಗೆ ಹಾಕಿ, ಅಂಟಿಸಿ, ಒಳಗಿನ ಕಪಾಟಿಗೆ ಸೇರಿಸಿದೆ.

"ಡೆಲ್ಮಿರಾ, ಮೀನಿನ ತೊಟ್ಟಿಯ ಕೀಲಿ ಬೇಕಿತ್ತು."
ಬಾಗಿಲಲ್ಲಿ ಮೈಸೀ. ಎಷ್ಟು ಹೊತ್ತಿನಿಂದಲೋ.
ಕೊಟ್ಟೆ. ಎರಡು ಸಲ ಬಾಯಿ ತೆರೆದೆ.
"ಮಂಜಿದೆ, ಗಾಡಿ ನಿಧಾನ" ಅಂದೆ ಕಡೆಗೆ.
"ಹೂಂ" ಅಂದಳು.
ಅವಳ ಟ್ರಕ್ಕಿನ ದೀಪ ಮಂಜಿನಲ್ಲಿ ಕರಗಿದ ಮೇಲೆ ನೋಡುತ್ತೇನೆ,
ಕೀಲಿಪುಸ್ತಕ ಮೇಜಿನ ಮೇಲೆ ತೆರೆದೇ ಇದೆ.
ರುಜು ಹಾಕಿಸಿಲ್ಲ.